ಡೇಟಾ ಹಣ ನಾವಾಗಲೇ ಕಟ್ಟಿದ್ದೇವೆ

ತೀರ್ಥಹಳ್ಳಿ ಕಡೆಯಿಂದ ಬರೆದ ಓದುಗರೇ, ನಮಸ್ಕಾರ. "ಭಾರದ ಲಾರಿಗೆ ಟೋಲ್ ಜಾಸ್ತಿ. ನೆಟ್‌ವರ್ಕನ್ನೆಲ್ಲ ತುಂಬಿಕೊಳ್ಳುವ ನೆಟ್‌ಫ್ಲಿಕ್ಸ್, ಯೂಟ್ಯೂಬ್ ಮಾತ್ರ ಪುಕ್ಕಟೆ ಓಡಾಡುತ್ತವೆ. ಅವು ದುಡ್ಡು ಕೊಟ್ಟರೆ ನಮ್ಮ ರೀಚಾರ್ಜ್ ಅಗ್ಗವಾಗದೇ?" ಎಂದು ಕೇಳಿದ್ದೀರಿ. ಟೆಲಿಕಾಂ ಕಂಪನಿಗಳ ಸಂಘ ಸಿಒಎಐ ಕೂಡ ದೊಡ್ಡ ವಿಡಿಯೊ ಕಂಪನಿಗಳು ನೆಟ್‌ವರ್ಕ್ ಖರ್ಚಿನಲ್ಲಿ ಪಾಲು ಕೊಡಬೇಕೆಂದು ಪಟ್ಟು ಹಿಡಿದಿದೆ. ನಾನು ಇದನ್ನು ಒಪ್ಪುವುದಿಲ್ಲ.

ಆ ಲಾರಿ ತಾನಾಗಿ ಬರುವುದಿಲ್ಲ, ನಾವು ಪ್ಲೇ ಒತ್ತಿದರಷ್ಟೇ ಬರುತ್ತದೆ. ತರಿಸಿಕೊಳ್ಳಲು ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ ಎಂದು ಮುಂಗಡವಾಗಿ ಹಣ ಕಟ್ಟಿರುತ್ತೇವೆ. ಅದೇ ಜಿಬಿಗೆ ಕಳಿಸಿದವರಿಂದಲೂ ವಸೂಲಿ ಮಾಡಿದರೆ ಒಂದೇ ಸರಕಿಗೆ ಎರಡು ಬಿಲ್. 'ಪುಕ್ಕಟೆ' ಅನ್ನುವುದೂ ಪೂರ್ತಿ ನಿಜವಲ್ಲ. ಇಂಟರ್ನೆಟ್ ಕಂಪನಿಗಳ ಕಟ್ಟಡದಲ್ಲೇ ಇಡಲು ನೆಟ್‌ಫ್ಲಿಕ್ಸ್ ತನ್ನ ಖರ್ಚಿನಲ್ಲಿ ಸರ್ವರ್ ಪೆಟ್ಟಿಗೆ ಕೊಡುತ್ತದೆ. ಜನ ಮಲಗಿರುವ ಹೊತ್ತಿನಲ್ಲಿ ಸಿನಿಮಾಗಳು ಅದಕ್ಕೆ ತುಂಬಿಕೊಳ್ಳುತ್ತವೆ. ಸಂಜೆ ನೀವು ನೋಡುವುದು ಆ ಹತ್ತಿರದ ಪ್ರತಿಯನ್ನೇ, ಪ್ರತಿಸಲ ಸಮುದ್ರದಾಚೆಯಿಂದ ಎಳೆದು ತರಬೇಕಿಲ್ಲ.

ದಕ್ಷಿಣ ಕೊರಿಯಾದಲ್ಲಿ ಈ ಜಗಳ ಕೋರ್ಟು ಹತ್ತಿತ್ತು. ಅಲ್ಲಿನ ಇಂಟರ್ನೆಟ್ ಕಂಪನಿ ಎಸ್‌ಕೆ ಬ್ರಾಡ್‌ಬ್ಯಾಂಡ್‌ನ ಜಾಲದಲ್ಲಿ ನೆಟ್‌ಫ್ಲಿಕ್ಸ್ ಡೇಟಾ ದಟ್ಟಣೆ 2018ರ ಮೇ ತಿಂಗಳಿಂದ 2021ರ ಸೆಪ್ಟೆಂಬರ್ ಹೊತ್ತಿಗೆ 24 ಪಟ್ಟು ಏರಿದೆ ಎಂಬುದು ಆ ಕಂಪನಿಯ ಲೆಕ್ಕ. ನೆಟ್‌ಫ್ಲಿಕ್ಸ್‌ನ ಜನಪ್ರಿಯ ಕೊರಿಯನ್ ಸರಣಿ 'ಸ್ಕ್ವಿಡ್ ಗೇಮ್' ಬಂದದ್ದೂ ಆ ಸೆಪ್ಟೆಂಬರಿನಲ್ಲೇ. ಅದೇ ವರ್ಷ ಜೂನ್‌ನಲ್ಲಿ ಸೋಲ್ ನ್ಯಾಯಾಲಯದ ತೀರ್ಪು ನೆಟ್‌ಫ್ಲಿಕ್ಸ್‌ಗೆ ವಿರುದ್ಧವಾಗಿತ್ತು. 2023ರಲ್ಲಿ ಇಬ್ಬರೂ ರಾಜಿಯಾಗಿ ಕೇಸು ಮುಗಿಸಿದರು.

ಬಿಸಿ ತಟ್ಟಿದ್ದು ಬೇರೆಯವರಿಗೆ. ವಿಡಿಯೊ ಗೇಮ್ ಆಡುವುದನ್ನು ನೇರ ತೋರಿಸುವ ತಾಣ ಟ್ವಿಚ್, ಬೇರೆ ಬಹುತೇಕ ದೇಶಗಳಿಗಿಂತ ಕೊರಿಯಾದಲ್ಲಿ ನೆಟ್‌ವರ್ಕ್ ಶುಲ್ಕ ಹತ್ತು ಪಟ್ಟು ಹೆಚ್ಚು ಎಂದು ಹೇಳಿ, 2022ರಲ್ಲಿ ವಿಡಿಯೊ ಗುಣಮಟ್ಟವನ್ನು 720ಪಿಗೆ ಇಳಿಸಿತು. 2024ರ ಫೆಬ್ರುವರಿಯಲ್ಲಿ ಅಲ್ಲಿ ಬಾಗಿಲನ್ನೇ ಹಾಕಿತು. ಅದನ್ನೇ ನಂಬಿ ಸಂಪಾದಿಸುತ್ತಿದ್ದ ಕೊರಿಯಾದ ಹುಡುಗ ಹುಡುಗಿಯರು ಬೇರೆ ತಾಣ ಹುಡುಕಬೇಕಾಯಿತು. ಅಮೆಜಾನ್ ಒಡೆತನದ ಟ್ವಿಚ್‌ಗೇ ಇದು ತಾಳಲಿಲ್ಲ ಅಂದಮೇಲೆ, ಇಂಥ ಶುಲ್ಕ ಇಲ್ಲಿಗೂ ಬಂದರೆ ಕನ್ನಡದ ಒಂದು ಸಣ್ಣ ಒಟಿಟಿ ಎಷ್ಟು ದಿನ ಉಳಿದೀತು?

ನಮ್ಮಲ್ಲಿ ಇನ್ನೊಂದು ತೊಡಕಿದೆ. ಜಿಯೊ ನೆಟ್‌ವರ್ಕೂ ಜಿಯೊಹಾಟ್‌ಸ್ಟಾರೂ ರಿಲಯನ್ಸ್ ಮನೆಯವೇ. ಅವರ ಶುಲ್ಕ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಎದುರಾಳಿ ಮಾತ್ರ ನಿಜವಾದ ದುಡ್ಡು ಎಣಿಸಬೇಕು. ರೀಚಾರ್ಜ್ ಇಳಿಯುತ್ತದೆ ಅನ್ನುವ ಖಾತರಿಯನ್ನಂತೂ ಯಾರೂ ಕೊಟ್ಟಿಲ್ಲ. 2024ರ ಜುಲೈನಲ್ಲಿ ಜಿಯೊ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಒಟ್ಟಿಗೇ ದರ ಏರಿಸಿದ್ದು ನಿಮಗೆ ನೆನಪಿರಬೇಕು.

ಟವರು, ಫೈಬರ್ ಹಾಕಲು ಖರ್ಚಿದೆ, ನಿಜ. ಗುಡ್ಡದಾಚೆಯ ಮನೆಗಳಿಗೆ ಸಿಗ್ನಲ್ಲೇ ಇಲ್ಲ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಲಾಭವಿಲ್ಲದ ಇಂಥ ಊರುಗಳಿಗೆಂದೇ ಟೆಲಿಕಾಂ ಕಂಪನಿಗಳ ಹೊಂದಾಣಿಕೆಯಾದ ಆದಾಯದ (ಕೆಲವು ಬಾಬ್ತು ಕಳೆದು ಉಳಿದ ಒಟ್ಟು ಆದಾಯ) ಶೇ 5ರಷ್ಟು 'ಡಿಜಿಟಲ್ ಭಾರತ್ ನಿಧಿ'ಗೆ ಸಲ್ಲುತ್ತದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಸಂಸದರ ಮೂಲಕ ದೂರಸಂಪರ್ಕ ಇಲಾಖೆಗೆ ಕಳಿಸಿ. ಒಂದು ಪ್ರತಿ ನಮಗೂ ಬರಲಿ, ಪ್ರಕಟಿಸುತ್ತೇವೆ.

— ಸಂಪಾದಕ