ಓದಿನ ಗಡಿಬಿಡಿಯಲ್ಲಿ ದಿನಕ್ಕೆ 15 ನಿಮಿಷ ಯೋಗ ಮಾಡಿದರೆ ಹೃದಯಕ್ಕೆ ಉಪಯೋಗ ಇದೆಯಾ?

ಖಂಡಿತ ಇದೆ. ಈಗಲೇ ಒಂದು ಪ್ರಯೋಗ ಮಾಡಿ ನೋಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಉಸಿರು ನಿಧಾನವಾಗಿ ಎಳೆದುಕೊಂಡಾಗ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ಇಳಿಯುತ್ತದೆ. ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರ ಆಗ ಬ್ರೇಕ್ ಹಾಕುತ್ತಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಕಾಫಿ ಕುಡಿದು ನಿದ್ದೆಗೆಟ್ಟು ಓದುವಾಗ ಎದೆ ಡವಡವ ಅನ್ನುತ್ತದಲ್ವಾ, ಆಗ ಈ ಬ್ರೇಕ್ ಸಡಿಲವಾಗಿರುತ್ತದೆ.

ಅದಕ್ಕೇ ನಾನು ಮೊದಲು ಉಸಿರಾಟವನ್ನೇ ಹೇಳುತ್ತೇನೆ. 4 ಎಣಿಸುತ್ತಾ ಎಳೆದು, 6 ಎಣಿಸುತ್ತಾ ಬಿಡಿ. ನಿಮಿಷಕ್ಕೆ ಸುಮಾರು 6 ಉಸಿರಾಯಿತು. ಹೀಗೆ ಐದು ನಿಮಿಷ. ಉಳಿದ ಹತ್ತು ನಿಮಿಷ ಸೂರ್ಯ ನಮಸ್ಕಾರ. ದಿನವಿಡೀ ಬೆಂಚಿನ ಮೇಲೆ ಬಾಗಿ ಕೂತ ಬೆನ್ನಿಗೂ ಅದು ಬೇಕು.

ಆದರೆ ಇಷ್ಟೇ ಸಾಲದು. 18 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಸ್ಟಾಪ್ ಮೊದಲೇ ಬಸ್ ಇಳಿದು ನಡೆಯಿರಿ.

ಬಿಪಿ ಜಾಸ್ತಿ ಇದ್ದರೆ ಉಸಿರು ಕಟ್ಟುವ ಕುಂಭಕ, ಶೀರ್ಷಾಸನ ಬೇಡ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.