ವೇಗದ ಲೀಡ್‌ಗೆ ಇಎಂಜಿ 81 ಒಳ್ಳೇದಾ, ಜೆಬಿ ಒಳ್ಳೇದಾ?

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಗೇನ್ (ಸದ್ದನ್ನು ಒರಟಾಗಿಸೋ ಆಂಪ್ ನಾಬ್) ಏರಿಸಿ ವೇಗವಾಗಿ ಲೀಡ್ (ಒಂದೊಂದೇ ಸ್ವರದ ಸೋಲೋ) ನುಡಿಸಿದರೆ ಸ್ವರಗಳು ಕಲಸಿಹೋಗುತ್ತವೆ, ಬ್ರಿಡ್ಜ್ ಪಕ್ಕದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸೋ ಭಾಗ) ಬದಲಿಸಿ ಇಎಂಜಿ 81 ಹಾಕಲಾ, ಸೇಮೂರ್ ಡಂಕನ್ ಜೆಬಿ ಹಾಕಲಾ ಅಂತ ಕೇಳಿದ್ದೀರಿ, ಅಲ್ವಾ? ನಿಮ್ಮ ತೊಂದರೆಗೆ ನನ್ನ ಆಯ್ಕೆ 81. ಅದರಲ್ಲಿ ಸೆರಾಮಿಕ್ ಮ್ಯಾಗ್ನೆಟ್ ಇದೆ, ಒಳಗೇ ಪ್ರಿಆಂಪ್ (ಸಂಕೇತವನ್ನು ಬಲಪಡಿಸೋ ಪುಟ್ಟ ಸರ್ಕ್ಯೂಟ್) ಇದೆ. ಬಾಸ್ ಬಿಗಿಯಾಗಿರುತ್ತದೆ, ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಗುಂಯ್ ಅನ್ನೋ ಸದ್ದೂ ಕಮ್ಮಿ. ಜೆಬಿಯಲ್ಲಿರೋದು ಆಲ್ನಿಕೊ 5 ಮ್ಯಾಗ್ನೆಟ್. ಅದರ ಮಿಡ್ (ಮಧ್ಯದ ಶ್ರೇಣಿಯ ಸದ್ದು) ತುಂಬಿಕೊಂಡು ಬರುತ್ತದೆ, ತಂತಿ ಎಳೆದು ಬೆಂಡ್ ಮಾಡಿದಾಗ ಕೇಳೋಕೆ ಬಹಳ ಸೊಗಸು. ನಿಧಾನದ ಲೀಡ್ ಜಾಸ್ತಿ ನುಡಿಸೋರಾಗಿದ್ದರೆ ಅದನ್ನೇ ಹೇಳುತ್ತಿದ್ದೆ.

81ಕ್ಕೆ 9 ವೋಲ್ಟ್ ಬ್ಯಾಟರಿ ಬೇಕು. ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿರೋ ಪಾಟ್‌ಗಳೂ 500ಕೆ ಓಮ್ ಅಲ್ಲ, 25ಕೆ. ನುಡಿಸಿದ ಮೇಲೆ ಗಿಟಾರ್‌ನಿಂದ ಕೇಬಲ್ ತೆಗೆದುಬಿಡಿ, ಇಲ್ಲದಿದ್ದರೆ ಬ್ಯಾಟರಿ ಸುಮ್ನೆ ಖರ್ಚಾಗುತ್ತದೆ.

ಆದರೆ ದುಡ್ಡು ಹಾಕೋ ಮುಂಚೆ ಈಗಿರೋ ಪಿಕಪ್ ಎಷ್ಟು ಎತ್ತರದಲ್ಲಿದೆ ನೋಡಿ. ಕೊನೇ ಫ್ರೆಟ್ ಒತ್ತಿ ಹಿಡಿದು, ದಪ್ಪ ತಂತಿಗೂ ಪಿಕಪ್‌ಗೂ ನಡುವಿನ ಜಾಗ ಗಮನಿಸಿ. ತೀರಾ ಹತ್ತಿರ ಇದ್ದರೆ ಆ ಕಡೆಯ ಸ್ಕ್ರೂ ಅರ್ಧ ಸುತ್ತು ಇಳಿಸಿ, ಗೇನ್ ಸ್ವಲ್ಪ ತಗ್ಗಿಸಿ, ಅದೇ ಲೀಡ್ ಮತ್ತೆ ನುಡಿಸಿ. ಎಷ್ಟೋ ಸಲ ಇಷ್ಟಕ್ಕೇ ಸ್ವರ ಬಿಡಿಸಿಕೊಳ್ಳುತ್ತದೆ. ಆಮೇಲೂ ಕಲಸಿದರೆ 81 ತಗೊಳ್ಳಿ. ಬೆಸುಗೆ ಹಾಕಬೇಕಾದರೆ ಅದರ ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುತ್ತದೆ.