ಮೂರು ಪ್ಯಾಕೇಜು, ಒಂದು ಪ್ಯಾಚು: ಹ್ಯಾಸ್ಕೆಲ್ ಪ್ರಾಜೆಕ್ಟು ಬೇರೆಯವರ ಮಷೀನಿನಲ್ಲೂ ಬಿಲ್ಡ್ ಆಗಬೇಕಾದರೆ

ನಮಸ್ಕಾರ. ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಒಂದೇ ರೆಪೊದಲ್ಲಿ ಕೋರ್ ಲೈಬ್ರರಿ, ವೆಬ್ ಸರ್ವರ್, ಕಮಾಂಡ್ ಲೈನ್ ಟೂಲ್ ಅಂತ ಮೂರು ಪ್ಯಾಕೇಜು ಇಟ್ಟಿದ್ದೀರಿ. ಸಿಎಸ್‌ವಿ ಓದುವ ಕಸಾವಾ ಲೈಬ್ರರಿಗೆ ನೀವೇ ಒಂದು ಸಣ್ಣ ಪ್ಯಾಚ್ ಹಾಕಿ ಹೋಮ್ ಫೋಲ್ಡರಿನಲ್ಲಿ ಬೇರೆ ಇಟ್ಟುಕೊಂಡಿದ್ದೀರಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಗೆಳೆಯರು ಕ್ಲೋನ್ ಮಾಡಿಕೊಂಡರೆ ಬಿಲ್ಡ್ ಆಗುತ್ತಿಲ್ಲ, ಅವರ ಎಡಿಟರಿನ ತುಂಬ ಕೆಂಪು ಗೆರೆ, ಅದರ ಮೇಲೆ ಅವರು ಸೇವ್ ಮಾಡಿದಾಗಲೆಲ್ಲ ಇಡೀ ಫೈಲಿನ ಫಾರ್ಮ್ಯಾಟ್ ಬದಲಾಗಿ ಡಿಫ್ ಓದಲಾಗುತ್ತಿಲ್ಲ.

ಮೂರೂ ತೊಂದರೆಗೆ ಕಾರಣ ಒಂದೇ. ಪ್ರಾಜೆಕ್ಟಿಗೆ ಬೇಕಾದ ಕೆಲವು ವಿಷಯ ರೆಪೊದಲ್ಲಿ ಬರೆದಿಲ್ಲ, ನಿಮ್ಮ ಮಷೀನಿನಲ್ಲಿ ಮಾತ್ರ ಇದೆ. ಅದನ್ನೆಲ್ಲ ರೆಪೊ ಒಳಗೆ ತಂದರೆ ಮುಗಿಯಿತು. ಹೇಗೆ ತರಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಹ್ಯಾಸ್ಕೆಲ್‌ನ ಬಿಲ್ಡ್ ಟೂಲ್ ಆದ ಕಬಾಲ್‌ನಲ್ಲಿ ‘ಕಬಾಲ್ ಇನ್‌ಸ್ಟಾಲ್’ಗೆ ‘ಲಿಬ್’ ಫ್ಲ್ಯಾಗ್ ಹಚ್ಚಿ ಲೈಬ್ರರಿ ಹಾಕಿಕೊಂಡಿದ್ದೀರಲ್ಲ, ಆ ಅಭ್ಯಾಸ ಬಿಟ್ಟುಬಿಡಿ. ಅದು ನಿಮ್ಮ ಹೋಮ್ ಫೋಲ್ಡರಿನ ಅಡಗಿದ ಜಿಎಚ್‌ಸಿ (ಹ್ಯಾಸ್ಕೆಲ್ ಕಂಪೈಲರ್) ಫೋಲ್ಡರಿನಲ್ಲಿ ‘ಎನ್ವಿರಾನ್ಮೆಂಟ್ ಫೈಲ್’ ಎಂಬುದನ್ನು ಬರೆದಿಡುತ್ತದೆ. ಆಮೇಲೆ ಬರಿ ಜಿಎಚ್‌ಸಿ ಅಥವಾ ಅದರ ಇಂಟರ್ಯಾಕ್ಟಿವ್ ರೂಪವಾದ ಜಿಎಚ್‌ಸಿಐ ಓಡಿಸಿದಾಗಲೆಲ್ಲ ಆ ಪಟ್ಟಿ ತಾನಾಗಿ ಲೋಡ್ ಆಗುತ್ತದೆ. ಹಾಗಾಗಿ ಡಿಪೆಂಡೆನ್ಸಿ ಪಟ್ಟಿಯಲ್ಲಿ ಬರೆಯದ ಲೈಬ್ರರಿಯೂ ನಿಮಗೆ ಸಿಗುತ್ತದೆ, ಗೆಳೆಯರಿಗೆ ಸಿಗುವುದಿಲ್ಲ. ‘ಎನ್ವಿರಾನ್ಮೆಂಟ್ಸ್’ ಎಂಬ ಆ ಸಬ್‌ಫೋಲ್ಡರಿನಲ್ಲಿರುವ ‘ಡಿಫಾಲ್ಟ್’ ಫೈಲನ್ನು ಅಳಿಸಿ, ಬೇಕಾದ ಲೈಬ್ರರಿಯನ್ನು ಆಯಾ ಪ್ಯಾಕೇಜಿನ ಡಾಟ್-ಕಬಾಲ್ ಫೈಲಿನ ‘ಬಿಲ್ಡ್-ಡಿಪೆಂಡ್ಸ್’ನಲ್ಲಿ ಬರೆಯಿರಿ. ಒಂದು ಲೈಬ್ರರಿಯನ್ನು ಸುಮ್ಮನೆ ಆಡಿಸಿ ನೋಡಬೇಕಿದ್ದರೆ ‘ಕಬಾಲ್ ರೆಪ್ಲ್’ಗೆ ‘ಬಿಲ್ಡ್-ಡಿಪೆಂಡ್ಸ್’ ಫ್ಲ್ಯಾಗ್ ಕೊಟ್ಟರೆ ಆ ಸೆಷನ್‌ಗೆ ಮಾತ್ರ ಅದು ಸಿಗುತ್ತದೆ.

ಹುಡುಕಿದರೆ ‘ಕಬಾಲ್ ಸ್ಯಾಂಡ್‌ಬಾಕ್ಸ್’ ಬಳಸಿ ಎಂಬ ಹಳೆಯ ಸಲಹೆಗಳೂ ಸಿಗುತ್ತವೆ. ಅವನ್ನು ನಂಬಿಕೊಳ್ಳಬೇಡಿ. 2019ರ ಕಬಾಲ್ 3.0 ಬಂದಾಗಿನಿಂದ ಹೊಸ ಬಿಲ್ಡ್ ಪದ್ಧತಿಯೇ ಡಿಫಾಲ್ಟ್. ಹ್ಯಾಸ್ಕೆಲ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಹ್ಯಾಕೇಜಿನಿಂದ ಬಂದ ಪ್ರತಿ ಪ್ಯಾಕೇಜಿಗೂ ಅದರ ಸೋರ್ಸ್, ಫ್ಲ್ಯಾಗ್, ಡಿಪೆಂಡೆನ್ಸಿ ಎಲ್ಲ ಸೇರಿಸಿ ಕಬಾಲ್ ಒಂದು ಹ್ಯಾಶ್ ಲೆಕ್ಕ ಹಾಕಿ, ಎಲ್ಲ ಪ್ರಾಜೆಕ್ಟಿಗೂ ಸೇರಿದ ತನ್ನ ಸ್ಟೋರಿನಲ್ಲಿ ಇಡುತ್ತದೆ. ಒಂದೇ ಲೈಬ್ರರಿಯ ನಾಲ್ಕು ಆವೃತ್ತಿ ಅಕ್ಕಪಕ್ಕ ಇದ್ದರೂ ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ನಿಮ್ಮ ಸ್ವಂತ ಪ್ಯಾಕೇಜುಗಳು ಮಾತ್ರ ಸ್ಟೋರಿಗೆ ಹೋಗದೆ, ರೆಪೊ ಒಳಗಿನ ‘ಡಿಸ್ಟ್-ನ್ಯೂಸ್ಟೈಲ್’ ಫೋಲ್ಡರಿನಲ್ಲೇ ಬಿಲ್ಡ್ ಆಗುತ್ತವೆ. ಕೋರ್ ಬದಲಾಯಿಸಿದ ತಕ್ಷಣ ವೆಬ್ ಸರ್ವರ್ ಕೂಡ ಮತ್ತೆ ಬಿಲ್ಡ್ ಆಗುವುದು ಇದರಿಂದಲೇ.

ಯಾವುದು ಸ್ವಂತ ಪ್ಯಾಕೇಜು ಅಂತ ಕಬಾಲ್‌ಗೆ ಹೇಳುವ ಜಾಗ ರೆಪೊದ ಬುಡದಲ್ಲಿರುವ ‘ಕಬಾಲ್.ಪ್ರಾಜೆಕ್ಟ್’ ಫೈಲು. ನೀವು ಹಾಕಿರುವ ಫೈಲಿನಲ್ಲಿ ‘ಪ್ಯಾಕೇಜಸ್’ ಸಾಲು ನೋಡಿದೆ. ಮೂರು ಪ್ಯಾಕೇಜಿನ ದಾರಿ ಸರಿಯಾಗಿದೆ, ನಾಲ್ಕನೆಯದು ನಿಮ್ಮ ಹೋಮ್ ಫೋಲ್ಡರಿನಿಂದ ಶುರುವಾಗುವ ಪೂರ್ಣ ದಾರಿ. ಆ ದಾರಿ ಗೆಳೆಯರ ಮಷೀನಿನಲ್ಲಿ ಇರಲು ಸಾಧ್ಯವೇ ಇಲ್ಲ. ಮೊದಲ ತೊಂದರೆಯ ಅರ್ಧ ಭಾಗ ಇದೇ.

ಪ್ಯಾಚ್ ಹಾಕಿದ ಲೈಬ್ರರಿ ಇಡಲು ಎರಡು ಒಳ್ಳೆಯ ದಾರಿಗಳಿವೆ. ಯಾವುದು ಬೇಕು ಎಂಬುದು ನೀವು ಅದನ್ನು ಎಷ್ಟು ಸಲ ಮುಟ್ಟುತ್ತೀರಿ ಎಂಬುದರ ಮೇಲೆ ನಿಂತಿದೆ. ದಿನವೂ ತಿದ್ದುತ್ತಿದ್ದರೆ ರೆಪೊ ಒಳಗೆ ‘ವೆಂಡರ್’ ಅಂತ ಒಂದು ಫೋಲ್ಡರ್ ಮಾಡಿ, ಅಲ್ಲಿ ಗಿಟ್ ಸಬ್‌ಮಾಡ್ಯೂಲ್ ಆಗಿ ಇಡಿ, ಅಥವಾ ‘ಕಬಾಲ್ ಗೆಟ್’ ಕೊಟ್ಟು ಸೋರ್ಸ್ ಇಳಿಸಿಕೊಂಡು ನೇರವಾಗಿ ಕಮಿಟ್ ಮಾಡಿ. ‘ಪ್ಯಾಕೇಜಸ್’ ಸಾಲಿನಲ್ಲಿ ಆ ಫೋಲ್ಡರಿನ ದಾರಿ ಸೇರಿಸಿದರೆ ಕಬಾಲ್ ಹ್ಯಾಕೇಜಿನ ಕಸಾವಾ ಕಡೆ ತಿರುಗಿಯೂ ನೋಡುವುದಿಲ್ಲ, ನಿಮ್ಮದನ್ನೇ ತೆಗೆದುಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಪ್ಯಾಚ್ ಹಾಕಿದೆವಲ್ಲ ಅಂತ ಅದರ ಆವೃತ್ತಿ ಸಂಖ್ಯೆಯನ್ನು 0.5ರಿಂದ 0.6ಕ್ಕೆ ಏರಿಸಲು ಹೋಗಬೇಡಿ. ಕಸಾವಾ ಬೇಕೆನ್ನುವ ಬೇರೊಂದು ಲೈಬ್ರರಿ ‘0.6ಕ್ಕಿಂತ ಕಡಿಮೆ ಇರಬೇಕು’ ಎಂದು ಬರೆದುಕೊಂಡಿದ್ದರೆ ಆವೃತ್ತಿಗಳನ್ನು ಹೊಂದಿಸುವ ಕಬಾಲ್‌ನ ಸಾಲ್ವರ್ ಅಲ್ಲೇ ನಿಲ್ಲುತ್ತದೆ, ಏಕೆಂದರೆ ಆ ಹೆಸರಿಗೆ ಈಗ ನಿಮ್ಮದೊಂದೇ ಆವೃತ್ತಿ ಉಳಿದಿರುವುದು. ಹ್ಯಾಕೇಜಿನಲ್ಲಿದ್ದ ಸಂಖ್ಯೆಯನ್ನೇ ಉಳಿಸಿಕೊಳ್ಳಿ.

ಪ್ಯಾಚ್ ಒಂದು ಸಲ ಹಾಕಿ ಮುಗಿದಿದ್ದರೆ ಎರಡನೆಯ ದಾರಿ ಚೆಂದ. ಲೈಬ್ರರಿಯನ್ನು ಫೋರ್ಕ್ ಮಾಡಿ ಪುಷ್ ಮಾಡಿ, ‘ಕಬಾಲ್.ಪ್ರಾಜೆಕ್ಟ್’ನಲ್ಲಿ ‘ಸೋರ್ಸ್-ರೆಪಾಸಿಟರಿ-ಪ್ಯಾಕೇಜ್’ ಎಂಬ ಭಾಗ ಬರೆಯಿರಿ. ಅದರಲ್ಲಿ ‘ಟೈಪ್’ ಗಿಟ್, ‘ಲೊಕೇಶನ್’ನಲ್ಲಿ ರೆಪೊ ವಿಳಾಸ, ‘ಟ್ಯಾಗ್’ನಲ್ಲಿ ಕಮಿಟ್ ಹ್ಯಾಶ್. ದೊಡ್ಡ ರೆಪೊದ ಒಂದು ಉಪಫೋಲ್ಡರ್ ಸಾಕಾದರೆ ‘ಸಬ್‌ಡಿರ್’ ಕೂಡ ಕೊಡಬಹುದು. ‘ಟ್ಯಾಗ್’ ಎಂದು ಹೆಸರಿದ್ದರೂ ಅಲ್ಲಿ ಪೂರ್ತಿ ಕಮಿಟ್ ಹ್ಯಾಶನ್ನೇ ಹಾಕಿ. ಬ್ರ್ಯಾಂಚ್ ಹೆಸರು ಹಾಕಿದರೆ ಇಂದು ನೀವು ಬಿಲ್ಡ್ ಮಾಡಿದ ಕೋಡ್ ಒಂದು, ಮುಂದಿನ ತಿಂಗಳು ಗೆಳೆಯರು ಮಾಡುವುದು ಇನ್ನೊಂದು. ಇಳಿಸಿದ ಸೋರ್ಸ್ ‘ಡಿಸ್ಟ್-ನ್ಯೂಸ್ಟೈಲ್’ ಒಳಗಿನ ‘ಎಸ್‌ಆರ್‌ಸಿ’ ಫೋಲ್ಡರಿನಲ್ಲಿ ಕೂತಿರುತ್ತದೆ, ಅನುಮಾನ ಬಂದರೆ ಅಲ್ಲೇ ಹೋಗಿ ನೋಡಿ. ಆದರೆ ಅಲ್ಲಿ ತಿದ್ದಬೇಡಿ.

ಮುಂದೆ ಕೋರ್ ಲೈಬ್ರರಿಯನ್ನು ಹ್ಯಾಕೇಜಿಗೆ ಏರಿಸುವ ಯೋಚನೆಯಿದೆ ಎಂದಿದ್ದೀರಿ. ಹಾಗಿದ್ದರೆ ಇದು ಗೊತ್ತಿರಲಿ: ‘ಕಬಾಲ್.ಪ್ರಾಜೆಕ್ಟ್’ ನಿಮ್ಮ ರೆಪೊ ದಾಟಿ ಹೋಗುವುದಿಲ್ಲ. ಬೇರೆಯವರು ನಿಮ್ಮ ಲೈಬ್ರರಿ ಬಳಸಿದಾಗ ಅವರಿಗೆ ಹ್ಯಾಕೇಜಿನ ಕಸಾವಾ ಸಿಗುತ್ತದೆ, ನಿಮ್ಮ ಪ್ಯಾಚ್ ಸಿಗುವುದಿಲ್ಲ. ಪ್ಯಾಚ್ ಇಲ್ಲದೆ ಕೋರ್ ನಡೆಯದಿದ್ದರೆ ಮೂಲ ಲೇಖಕರಿಗೆ ಪುಲ್ ರಿಕ್ವೆಸ್ಟ್ ಕಳಿಸಿ, ಅದು ಬಿಡುಗಡೆಯಾಗುವವರೆಗೆ ಕಾಯುವುದೇ ಸರಿ.

ಕಚೇರಿಯ ನೆಟ್‌ವರ್ಕ್ ಹೊರಗಿನ ಗಿಟ್ ಬಿಡದಿದ್ದರೆ ಮೂರನೆಯದೂ ಒಂದಿದೆ. ‘ಕಬಾಲ್ ಎಸ್‌ಡಿಸ್ಟ್’ ಮಾಡಿ ಬಂದ ಟಾರ್‌ಬಾಲ್‌ಗಳನ್ನು ಒಂದು ಫೋಲ್ಡರಿನಲ್ಲಿ ಹಾಕಿ, ‘ಫೈಲ್+ನೋಇಂಡೆಕ್ಸ್’ ವಿಳಾಸ ಕೊಟ್ಟು ಅದನ್ನೇ ಪುಟ್ಟ ರೆಪಾಸಿಟರಿಯಾಗಿ ಬಳಸಬಹುದು.

ಈಗ ಗೆಳೆಯರ ಮಷೀನಿನ ತೊಂದರೆಯ ಉಳಿದರ್ಧ. ಅವರು ಕಳಿಸಿದ ಎರರ್‌ನಲ್ಲಿ ‘ಬೇಸ್’ 4.19 ತಿರಸ್ಕೃತ, 4.18 ಬೇಕು ಎಂಬ ಸಾಲಿದೆ. ಬೇಸ್ ಲೈಬ್ರರಿ ಕಂಪೈಲರಿನ ಜೊತೆಗೇ ಬರುತ್ತದೆ. ಜಿಎಚ್‌ಸಿ 9.6ರ ಜೊತೆ ಬೇಸ್ 4.18, 9.8ರ ಜೊತೆ 4.19. ನೀವು 9.6ರಲ್ಲಿ ‘ಕಬಾಲ್ ಫ್ರೀಜ್’ ಮಾಡಿ ಆ ಫೈಲನ್ನು ಕಮಿಟ್ ಮಾಡಿದ್ದೀರಿ, ಅದರಲ್ಲಿ ಬೇಸ್ ಕೂಡ ಇಂಥದ್ದೇ ಎಂದು ಕಟ್ಟಿಹಾಕಿದೆ. ಅವರಲ್ಲಿರುವುದು 9.8. ಸಾಲ್ವರ್ ಏನು ಮಾಡಿದರೂ ಅದು ಕೂಡುವುದಿಲ್ಲ.

ಫ್ರೀಜ್ ಮಾಡಿದ್ದು ತಪ್ಪಲ್ಲ, ಅಪ್ಲಿಕೇಶನ್‌ಗೆ ಅದು ಇರಲೇಬೇಕು. ಜೊತೆಗೆ ಕಂಪೈಲರನ್ನೂ ಹೆಸರಿಸಿ. ‘ಕಬಾಲ್.ಪ್ರಾಜೆಕ್ಟ್’ನಲ್ಲಿ ‘ವಿತ್-ಕಂಪೈಲರ್: ಜಿಎಚ್‌ಸಿ-9.6.6’ ಎಂದು ಒಂದು ಸಾಲು ಹಾಕಿದರೆ, ಡಿಫಾಲ್ಟ್ ಆಗಿ ಯಾವುದೇ ಜಿಎಚ್‌ಸಿ ಇದ್ದರೂ ಈ ರೆಪೊ ಒಳಗೆ 9.6.6 ಓಡುತ್ತದೆ. ಆ ಕಂಪೈಲರ್ ಇಲ್ಲದಿದ್ದರೆ ಗೋಜಲಿನ ಸಾಲ್ವರ್ ಎರರ್ ಬದಲು ‘ಕಂಪೈಲರ್ ಸಿಗಲಿಲ್ಲ’ ಎಂಬ ನೇರ ಸಂದೇಶ ಬರುತ್ತದೆ, ಜಿಎಚ್‌ಸಿ ಇನ್‌ಸ್ಟಾಲರ್ ಆದ ಜಿಎಚ್‌ಸಿಅಪ್‌ನಲ್ಲಿ ಇನ್‌ಸ್ಟಾಲ್ ಮಾಡಿಕೊಂಡರಾಯಿತು. ಇನ್ನೊಂದು ಸಾಲು ‘ಇಂಡೆಕ್ಸ್-ಸ್ಟೇಟ್’. ಅಲ್ಲಿ ಒಂದು ದಿನಾಂಕ, ಸಮಯ ಕೊಟ್ಟರೆ ಹ್ಯಾಕೇಜ್ ಆ ಕ್ಷಣದಲ್ಲಿ ಹೇಗಿತ್ತೋ ಹಾಗೆಯೇ ಕಾಣುತ್ತದೆ. ಅದರ ನಂತರ ಏರಿದ ಪ್ಯಾಕೇಜುಗಳು ಲೆಕ್ಕಕ್ಕೇ ಬರುವುದಿಲ್ಲ. ಕೋರ್ ಲೈಬ್ರರಿಯನ್ನು ಬೇರೆ ರೆಪೊ ಮಾಡಿದರೆ ಅಲ್ಲಿ ಫ್ರೀಜ್ ಫೈಲ್ ಇಡಬೇಡಿ, ಇಂಡೆಕ್ಸ್-ಸ್ಟೇಟ್ ಸಾಕು. ಲೈಬ್ರರಿ ಅಂದಮೇಲೆ ಹಲವು ಜಿಎಚ್‌ಸಿಯಲ್ಲಿ ಬಿಲ್ಡ್ ಆಗುತ್ತದೆಯೇ ಎಂದು ನೋಡುತ್ತಲೇ ಇರಬೇಕು.

‘ಕಬಾಲ್.ಪ್ರಾಜೆಕ್ಟ್.ಲೋಕಲ್’ ಫೈಲನ್ನು ಗಿಟ್‌ಇಗ್ನೋರ್‌ಗೆ ಹಾಕಿ. ಅದು ನಿಮ್ಮೊಬ್ಬರದು. ಅದರಲ್ಲಿ ‘ಆಪ್ಟಿಮೈಸೇಶನ್: ಫಾಲ್ಸ್’ ಎಂದು ಬರೆದುಕೊಂಡರೆ ದಿನದ ಕೆಲಸದಲ್ಲಿ ನಿಮ್ಮ ಪ್ಯಾಕೇಜುಗಳು ಎಷ್ಟೋ ಬೇಗ ಬಿಲ್ಡ್ ಆಗುತ್ತವೆ, ಮತ್ತು ಹೀಗೆ ಮೇಲ್ಮಟ್ಟದಲ್ಲಿ ಬರೆದದ್ದು ಸ್ವಂತ ಪ್ಯಾಕೇಜುಗಳಿಗೆ ಮಾತ್ರ ತಗಲುತ್ತದೆ. ಅದನ್ನೇ ‘ಪ್ಯಾಕೇಜ್ *’ ಕೆಳಗೆ ಬರೆದರೆ ಹ್ಯಾಕೇಜಿನಿಂದ ಬಂದ ಡಿಪೆಂಡೆನ್ಸಿಗಳೂ ಹೊಸದಾಗಿ ಬಿಲ್ಡ್ ಆಗಲು ಕೂರುತ್ತವೆ, ಮಧ್ಯಾಹ್ನವೇ ಹೋಗುತ್ತದೆ.

ಇನ್ನು ಟೂಲ್‌ಗಳು. ಇವನ್ನೆಲ್ಲ ಒಂದೇ ಗುಂಪು ಎಂದುಕೊಳ್ಳುವುದರಿಂದಲೇ ತೊಡಕು ಹುಟ್ಟುವುದು. ಬಿಲ್ಡ್ ನಡೆಯಲೇ ಬೇಕಾದ ಟೂಲ್‌ಗಳು ಒಂದು ಬಗೆ: ಲೆಕ್ಸರ್, ಪಾರ್ಸರ್ ಕೋಡ್ ತಯಾರಿಸುವ ಅಲೆಕ್ಸ್, ಹ್ಯಾಪಿ, ಟೆಸ್ಟ್‌ಗಳನ್ನು ಹುಡುಕುವ ಎಚ್‌ಸ್ಪೆಕ್-ಡಿಸ್ಕವರ್. ನಿಮ್ಮ ಟೆಸ್ಟ್ ಸೂಟಿಗೆ ಎಚ್‌ಸ್ಪೆಕ್-ಡಿಸ್ಕವರ್ ಬೇಕು, ಅದನ್ನು ಕೈಯಾರೆ ಇನ್‌ಸ್ಟಾಲ್ ಮಾಡಿ ಎಂದು ರೀಡ್‌ಮಿಯಲ್ಲಿ ಬರೆದಿದ್ದೀರಿ. ಆ ಸಾಲು ತೆಗೆದು, ಡಾಟ್-ಕಬಾಲ್ ಫೈಲಿನ ಟೆಸ್ಟ್ ಭಾಗದಲ್ಲಿ ‘ಬಿಲ್ಡ್-ಟೂಲ್-ಡಿಪೆಂಡ್ಸ್: ಎಚ್‌ಸ್ಪೆಕ್-ಡಿಸ್ಕವರ್:ಎಚ್‌ಸ್ಪೆಕ್-ಡಿಸ್ಕವರ್’ ಎಂದು ಸೇರಿಸಿ. ಕೋಲನ್‌ಗೆ ಮೊದಲಿನದು ಪ್ಯಾಕೇಜಿನ ಹೆಸರು, ನಂತರದ್ದು ಅದರೊಳಗಿನ ಪ್ರೋಗ್ರಾಮಿನ ಹೆಸರು. ಕಬಾಲ್ ತಾನೇ ಅದನ್ನು ಬಿಲ್ಡ್ ಮಾಡಿ, ಟೆಸ್ಟ್ ಕಂಪೈಲ್ ಆಗುವ ಹೊತ್ತಿಗೆ ಪಾತ್‌ನಲ್ಲಿ ಇಟ್ಟಿರುತ್ತದೆ.

ಕೋಡಿಗೆ ಸಲಹೆ ಕೊಡುವ ಎಚ್‌ಲಿಂಟ್, ಕೋಡನ್ನು ಫಾರ್ಮ್ಯಾಟ್ ಮಾಡುವ ಫೋರ್ಮೋಲು ಮುಂತಾದವು ಇನ್ನೊಂದು ಬಗೆ. ಕೋಡ್ ಬರೆಯುವವರಿಗೆ ಇವು ಬೇಕು, ಬಿಲ್ಡ್‌ಗೆ ಬೇಕಿಲ್ಲ. ಇವನ್ನು ದಯವಿಟ್ಟು ಡಾಟ್-ಕಬಾಲ್ ಫೈಲಿಗೆ ಸೇರಿಸಬೇಡಿ. ಎರಡೂ ‘ಜಿಎಚ್‌ಸಿ-ಲಿಬ್-ಪಾರ್ಸರ್’ ಎಂಬ ಭಾರೀ ಪ್ಯಾಕೇಜನ್ನು ಎಳೆದು ತರುತ್ತವೆ. ಅದನ್ನು ಕಂಪೈಲ್ ಮಾಡಲು ಸಮಯವೂ ಬೇಕು, ರ್‍ಯಾಮ್ ಕೂಡ ಚೆನ್ನಾಗಿ ಬೇಕು, ಜೊತೆಗೆ ನಿಮ್ಮ ಡಿಪೆಂಡೆನ್ಸಿಗಳ ಜೊತೆ ಜಗಳ ಬೀಳುವ ಸಾಧ್ಯತೆ ಬೇರೆ. ಆದರೆ ಅದೇ ಪಾರ್ಸರಿನಿಂದ ಒಂದು ಅನುಕೂಲವೂ ಇದೆ: ಈ ಟೂಲ್‌ಗಳು ಪ್ರಾಜೆಕ್ಟಿನ ಜಿಎಚ್‌ಸಿಯಲ್ಲೇ ಬಿಲ್ಡ್ ಆಗಿರಬೇಕೆಂದಿಲ್ಲ. ಹಾಗಾಗಿ ಅವರು ಬಿಡುಗಡೆ ಮಾಡುವ ಸಿದ್ಧ ಬೈನರಿಯನ್ನೇ ಇಳಿಸಿಕೊಳ್ಳುವುದು ಸುಲಭ. ಸೋರ್ಸಿನಿಂದಲೇ ಬೇಕಿದ್ದರೆ ‘ಕಬಾಲ್ ಇನ್‌ಸ್ಟಾಲ್ ಫೋರ್ಮೋಲು-0.14.0.0’ ಎಂದು ಆವೃತ್ತಿ ಸಮೇತ ಬರೆದು, ‘ಇಗ್ನೋರ್-ಪ್ರಾಜೆಕ್ಟ್’ ಫ್ಲ್ಯಾಗ್ ಕೊಡಿ, ಇಲ್ಲದಿದ್ದರೆ ನಿಮ್ಮ ಫ್ರೀಜ್ ಫೈಲಿನ ಕಟ್ಟುಪಾಡು ಆ ಟೂಲ್‌ಗೂ ಬೀಳುತ್ತದೆ. ‘ಇನ್‌ಸ್ಟಾಲ್‌ಡಿರ್’ಗೆ ರೆಪೊದ ‘ಟೂಲ್ಸ್’ ಫೋಲ್ಡರ್, ‘ಇನ್‌ಸ್ಟಾಲ್-ಮೆಥಡ್’ಗೆ ‘ಕಾಪಿ’ ಕೊಡಿ. ಇದಿಷ್ಟನ್ನೂ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್‌ನಲ್ಲಿ ಬರೆದು ಸ್ಕ್ರಿಪ್ಟನ್ನು ಕಮಿಟ್ ಮಾಡಿ, ಬೈನರಿಯನ್ನು ಗಿಟ್‌ಇಗ್ನೋರ್ ಮಾಡಿ.

ಫಾರ್ಮ್ಯಾಟ್ ಜಗಳಕ್ಕೆ ಆವೃತ್ತಿ ಒಂದಾದರೆ ಸಾಲದು. ‘ಫೋರ್ಮೋಲು.ಯಾಮ್ಲ್’ ಫೈಲ್ ರೆಪೊದ ಬುಡದಲ್ಲಿರಲಿ. ಅದರ ಜೊತೆಗೆ ಎಚ್‌ಎಲ್‌ಎಸ್, ಅಂದರೆ ಎಡಿಟರಿಗೆ ಬೆಂಬಲ ಕೊಡುವ ಲ್ಯಾಂಗ್ವೇಜ್ ಸರ್ವರ್, ತನ್ನೊಳಗೇ ಒಂದು ಫೋರ್ಮೋಲು ಇಟ್ಟುಕೊಂಡಿರುತ್ತದೆ. ನೀವು ಟರ್ಮಿನಲ್‌ನಲ್ಲಿ ಓಡಿಸುವುದು ಒಂದು ಆವೃತ್ತಿ, ಗೆಳೆಯರ ಎಡಿಟರ್ ಸೇವ್ ಮಾಡುವಾಗ ಓಡಿಸುವುದು ಇನ್ನೊಂದು. ಡಿಫ್ ತುಂಬುತ್ತಿರುವುದು ಇಲ್ಲಿಂದಲೇ ಇರಬೇಕು. ಎಚ್‌ಎಲ್‌ಎಸ್ ಸೆಟ್ಟಿಂಗ್‌ನಲ್ಲಿ ಫೋರ್ಮೋಲು ಪ್ಲಗಿನ್‌ನ ‘ಎಕ್ಸ್‌ಟರ್ನಲ್’ ಆಯ್ಕೆಯನ್ನು ಆನ್ ಮಾಡಿದರೆ ಪಾತ್‌ನಲ್ಲಿರುವ ಬೈನರಿಯನ್ನೇ ಅದು ಬಳಸುತ್ತದೆ. ‘ಟೂಲ್ಸ್’ ಫೋಲ್ಡರ್ ಪಾತ್‌ನಲ್ಲಿರುವಂತೆ ಮಾತ್ರ ನೋಡಿಕೊಳ್ಳಿ.

ಎಚ್‌ಎಲ್‌ಎಸ್ ವಿಷಯ ಇವೆರಡಕ್ಕಿಂತ ಬೇರೆ. ಅದು ಪ್ರಾಜೆಕ್ಟಿನ ಜಿಎಚ್‌ಸಿ ಯಾವುದೋ ಅದೇ ಆವೃತ್ತಿಯಲ್ಲಿ ಬಿಲ್ಡ್ ಆಗಿರಲೇಬೇಕು. ‘ಜಿಎಚ್‌ಸಿಅಪ್ ಟಿಯುಐ’ ತೆರೆದರೆ ಕೆಲವು ಜಿಎಚ್‌ಸಿಗಳ ಮುಂದೆ ‘ಎಚ್‌ಎಲ್‌ಎಸ್-ಪವರ್ಡ್’ ಎಂಬ ಗುರುತು ಇರುತ್ತದೆ. ಹೊಸ ಪ್ರಾಜೆಕ್ಟಿಗೆ ಕಂಪೈಲರ್ ಆರಿಸುವಾಗ ನಾನು ಮೊದಲು ನೋಡುವುದು ಆ ಗುರುತನ್ನೇ, ಇತ್ತೀಚಿನ ಜಿಎಚ್‌ಸಿಯ ಆಸೆ ಆಮೇಲೆ. ಕೆಂಪು ಗೆರೆ ಬಂದರೆ ಎಡಿಟರ್ ಬಿಟ್ಟು ಟರ್ಮಿನಲ್‌ಗೆ ಹೋಗಿ. ‘ಕಬಾಲ್ ಬಿಲ್ಡ್ ಆಲ್’ ಗೆಲ್ಲುತ್ತದೆಯೇ ನೋಡಿ. ಗೆದ್ದರೆ ರೆಪೊದ ಬುಡದಲ್ಲೇ ಎಚ್‌ಎಲ್‌ಎಸ್‌ನ ‘ವ್ರ್ಯಾಪರ್’ ಪ್ರೋಗ್ರಾಮನ್ನು ಏನೂ ಆರ್ಗ್ಯುಮೆಂಟ್ ಕೊಡದೆ ಓಡಿಸಿ. ಅದು ಒಂದೊಂದೇ ಫೈಲ್ ಲೋಡ್ ಮಾಡುತ್ತಾ ಯಾವುದರಲ್ಲಿ, ಯಾಕೆ ಸೋತಿತು ಎಂದು ಹೇಳುತ್ತದೆ. ಎಡಿಟರಿನಲ್ಲಿ ವೆಬ್ ಫೋಲ್ಡರ್ ಮಾತ್ರ ತೆರೆಯದೆ ಇಡೀ ರೆಪೊ ತೆರೆಯಿರಿ. ಡಾಟ್-ಕಬಾಲ್ ಫೈಲ್ ತಿದ್ದಿದ ಮೇಲೆ ಸರ್ವರನ್ನು ರೀಸ್ಟಾರ್ಟ್ ಮಾಡಿ.

ಇಷ್ಟೆಲ್ಲ ಭಾರ ಎನಿಸುವ ಹಳೆಯ ಲ್ಯಾಪ್‌ಟಾಪ್ ಆದರೆ ಜಿಎಚ್‌ಸಿಐಡಿ ಸಾಕು. ಸೇವ್ ಮಾಡಿದ ತಕ್ಷಣ ಎರರ್ ತೋರಿಸುವ ಒಂದೇ ಕೆಲಸವನ್ನು ತುಂಬ ಚೆನ್ನಾಗಿ ಮಾಡುತ್ತದೆ. ಕಬಾಲ್ 3.12 ಮತ್ತು ಜಿಎಚ್‌ಸಿ 9.4 ಅಥವಾ ಮೇಲಿನದಿದ್ದರೆ ‘ಎನೇಬಲ್-ಮಲ್ಟಿ-ರೆಪ್ಲ್’ ಫ್ಲ್ಯಾಗ್ ಕೊಟ್ಟು ಮೂರೂ ಪ್ಯಾಕೇಜನ್ನು ಒಂದೇ ರೆಪ್ಲ್‌ನಲ್ಲಿ ಲೋಡ್ ಮಾಡಬಹುದು. ಕೋರ್‌ನಲ್ಲಿ ಒಂದು ಟೈಪ್ ಬದಲಿಸಿದರೆ ವೆಬ್‌ನಲ್ಲಿ ಎಲ್ಲಿ ಮುರಿಯಿತು ಎಂಬುದು ಆಗಲೇ ಕಾಣುತ್ತದೆ.

ಕಬಾಲ್ ಬಿಟ್ಟು ಸ್ಟ್ಯಾಕ್ ಎಂಬ ಇನ್ನೊಂದು ಬಿಲ್ಡ್ ಟೂಲ್‌ಗೆ ಹೋಗಬೇಕೇ ಎಂದೂ ಕೇಳಿದ್ದೀರಿ. ಇದೇ ಕಾರಣಕ್ಕಾದರೆ ಬೇಡ. ಅಲ್ಲಿ ಎಲ್‌ಟಿಎಸ್ 22 ಎಂದು ಬರೆದರೆ ಜಿಎಚ್‌ಸಿ 9.6 ಮತ್ತು ಒಟ್ಟಿಗೆ ಹೊಂದುವ ಲೈಬ್ರರಿಗಳು ಒಂದೇ ಸಾಲಿನಲ್ಲಿ ಸಿಗುತ್ತವೆ ಎಂಬುದು ನಿಜಕ್ಕೂ ದೊಡ್ಡ ಅನುಕೂಲ. ಹೋಗುವುದೇ ಆದರೆ ಪ್ಯಾಚ್ ಹಾಕಿದ ಕಸಾವಾವನ್ನು ‘ಪ್ಯಾಕೇಜಸ್’ ಬದಲು ‘ಎಕ್ಸ್‌ಟ್ರಾ-ಡೆಪ್ಸ್’ನಲ್ಲಿ ಹಾಕಿ, ಇಲ್ಲದಿದ್ದರೆ ‘ಸ್ಟ್ಯಾಕ್ ಟೆಸ್ಟ್’ ಕೊಟ್ಟಾಗಲೆಲ್ಲ ಅದರ ಟೆಸ್ಟ್‌ಗಳೂ ಓಡುತ್ತವೆ. ಕಬಾಲ್, ಸ್ಟ್ಯಾಕ್ ಎರಡರ ಫೈಲನ್ನೂ ಒಟ್ಟಿಗೆ ಇಡುವುದಾದರೆ ಎರಡನ್ನೂ ಸಿಐನಲ್ಲಿ (ಪುಷ್ ಮಾಡಿದಾಗ ತಾನಾಗಿ ಓಡುವ ಬಿಲ್ಡ್) ಓಡಿಸಿ. ಓಡಿಸದ ಫೈಲು ಬೇಗ ಹಳತಾಗುತ್ತದೆ.

ಕೊನೆಯದಾಗಿ ‘ಅಲೌ-ನ್ಯೂಯರ್’. ಎರರ್ ಬಂದಾಗ ಅದನ್ನು ಪೂರ್ತಿ ತೆರೆದಿಟ್ಟಿದ್ದೀರಿ, ತೆಗೆದುಬಿಡಿ. ಎಲ್ಲ ಲೈಬ್ರರಿಯ ಎಲ್ಲ ಮೇಲ್ಮಿತಿಯನ್ನೂ ಅದು ಕಿತ್ತುಹಾಕುತ್ತದೆ, ಆಮೇಲೆ ಸಾಲ್ವರ್ ಆರಿಸಿದ್ದು ಕಂಪೈಲ್ ಆಗದಿದ್ದರೆ ಯಾರನ್ನು ಕೇಳುವುದು? ಸಾಲ್ವರ್ ಎರರ್‌ನಲ್ಲಿ ‘ರಿಜೆಕ್ಟಿಂಗ್’ ಎಂದಿರುವ ಸಾಲು ಹುಡುಕಿ. ಅದರ ಆವರಣದೊಳಗೆ ‘ಕಾನ್‌ಫ್ಲಿಕ್ಟ್’ ಎಂದು ಬರೆದು, ಯಾವ ಪ್ಯಾಕೇಜು ಯಾವುದಕ್ಕೆ ಒಪ್ಪಲಿಲ್ಲ ಎಂದು ಹೇಳಿರುತ್ತದೆ. ತುಂಬ ಉದ್ದ ಬಂದರೆ ‘ಮಿನಿಮೈಜ್-ಕಾನ್‌ಫ್ಲಿಕ್ಟ್-ಸೆಟ್’ ಫ್ಲ್ಯಾಗ್ ಹಾಕಿ ಮತ್ತೆ ಓಡಿಸಿ, ಸಂಬಂಧವಿಲ್ಲದ ಹೆಸರುಗಳು ಉದುರುತ್ತವೆ. ತಗಾದೆ ಮಾಡಿದ ಲೈಬ್ರರಿಯ ಹೆಸರು, ಕೋಲನ್, ‘ಬೇಸ್’ ಎಂದು ಆ ಒಂದೇ ಜೋಡಿಗೆ ‘ಅಲೌ-ನ್ಯೂಯರ್’ ಬರೆಯಿರಿ. ಪಕ್ಕದಲ್ಲಿ ಒಂದು ಕಾಮೆಂಟ್ ಹಾಕಿ ಯಾಕೆಂದು ಬರೆದಿಡಿ.

ಮೊದಲು ಪೂರ್ಣ ದಾರಿ ತೆಗೆದು ವಿತ್-ಕಂಪೈಲರ್ ಸಾಲು ಹಾಕಿ. ನಂತರ ರೆಪೊವನ್ನು ನಿಮ್ಮ ಮಷೀನಿನಲ್ಲೇ ಬೇರೊಂದು ಫೋಲ್ಡರಿಗೆ ಹೊಸದಾಗಿ ಕ್ಲೋನ್ ಮಾಡಿ ‘ಕಬಾಲ್ ಬಿಲ್ಡ್ ಆಲ್’ ಓಡಿಸಿ ನೋಡಿ. ಅಲ್ಲಿ ಎರರ್ ಬಂದರೆ ಕೊನೆಯ ಎರಡು ಸಾಲನ್ನಷ್ಟೇ ಹಾಕದೆ ‘ರಿಸಾಲ್ವಿಂಗ್ ಡಿಪೆಂಡೆನ್ಸೀಸ್’ನಿಂದ ಕೊನೆಯವರೆಗೆ ಪೂರ್ತಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.